ಹಂಗಾಮಿ ಮಾಸ್ತರನೂ ಕಾಯಂ ಸೈನ್ಯವೂ

ದರ್ಜಿಯ ಟೇಪು ಮೈಗೆ ತಗುಲಿದೊಡನೆ ಉಸಿರೆಳೆದು ಎದೆ ಉಬ್ಬಿಸುವ ಚಾಳಿ ಎಷ್ಟೋ ಗಂಡಸರಿಗಿದೆ, ನಿಮಗೂ ಇದ್ದೀತು. ಅಂಗಿ ದೊಗಲೆಯಾಗುತ್ತದೆಂದು ಗೊತ್ತಿದ್ದೂ ನಾನು ಉಬ್ಬುತ್ತೇನೆ. ಉಬ್ಬಲೇಬೇಕಾಗಿದ್ದ ದಿನ ಮಾತ್ರ ನನ್ನ ಎದೆ ಒಲ್ಲೆನೆಂದಿತು.

ಮಹಾಯುದ್ಧ ನಡೆದಿತ್ತು. ನಾನು ಹುಬ್ಬಳ್ಳಿಯ ಸಾಲೆಯೊಂದರಲ್ಲಿ ಹಂಗಾಮಿ ಮಾಸ್ತರ. ಪ್ರತಿ ಬೇಸಿಗೆಗೆ ಉದುರಿ ಮಳೆಗಾಲಕ್ಕೆ ಚಿಗುರುವ ನೌಕರಿ. ಯುದ್ಧ ಮುಗಿದರೂ ಉಳಿಯುವ ಕಾಯಂ ಸೈನ್ಯಕ್ಕೆ ಜನ ಬೇಕೆಂಬ ಸುದ್ದಿ ಬಂದಾಗ, ಆ ಎರಡು ಪದಗಳಲ್ಲಿ ನನ್ನನ್ನು ಸೆಳೆದದ್ದು ‘ಸೈನ್ಯ’ವಲ್ಲ, ‘ಕಾಯಂ’. ಆದರೆ ನಾನಿದ್ದ ಓಣಿ ಗೋಪನಕೊಪ್ಪದ ಕಟ್ಟೆಯ ಮೇಲೆ ಕೂತು ನಾನಾಡಿದ್ದೆಲ್ಲ ಶೌರ್ಯದ ಮಾತು.

ಅದನ್ನು ನಂಬಿದವನು ದಸ್ತಗೀರ, ಪಕ್ಕದ ಮನೆಯಲ್ಲಿ ಸೈಕಲ್ ರಿಪೇರಿ ಮಾಡುವ ಕಾಸೀಮಕಾಕಾನ ಒಬ್ಬನೇ ಮಗ, ನನಗಿಂತ ತುಸು ಚಿಕ್ಕವನು. ತಾನೂ ಬರುತ್ತೇನೆಂದು ಹಟ ಹಿಡಿದ. ಬಹಳ ದಿನ ಒಪ್ಪದಿದ್ದ ಕಾಕಾ ಕೊನೆಗೆ ಎಣ್ಣೆಗೈ ಒರೆಸಿಕೊಳ್ಳುತ್ತ ನನ್ನೆದುರು ಬಂದು ನಿಂತ.

“ಮಾಸ್ತರ, ನೀವು ಸಂಗಾಟ ಇರತೀರಿ ಅಂತ ಕಳಸಾಕತ್ತೇನ್ರಿ. ಅವನ ಮ್ಯಾಲೆ ಕಣ್ಣಿಡ್ರಿ.”

“ನನ್ನ ತಮ್ಮ ಅಂತ ತಿಳೀರಿ, ಕಾಕಾ,” ಎಂದೆ.

ಭರ್ತಿಯ ಮೈದಾನದಲ್ಲಿ ಡಾಕ್ಟರು ಎದೆಗೆ ಟೇಪು ಸುತ್ತಿ, “ಉಸಿರು ತಗೋರಿ” ಎಂದರು.

“ತಗೊಂಡೇನ್ರಿ.”

“ಇಷ್ಟಽ?” ಎಂದು ಕೇಳಿ, ಅಂಗಿ ಹಾಕಿಕೊಳ್ಳಲು ಹೇಳಿದರು. ಆಗಲೇ ಪಾಸಾಗಿ ಲಾರಿ ಹತ್ತಿದ್ದ ದಸ್ತಗೀರ, ನಾನು ಹಿಂದಿನ ಲಾರಿಯಲ್ಲಿ ಬರುತ್ತೇನೆಂದು ತಿಳಿದು ಕೈಬೀಸುತ್ತ ಹೋದ. ಎದೆಯಳತೆಯ ನಾಚಿಕೆ ಸ್ಟೇಶನ್ ರಸ್ತೆಯ ವರೆಗೆ ಬಾಳಿತು. ಅಲ್ಲಿಂದಾಚೆ, ಬದುಕಿಕೊಂಡೆನೆಂಬ ಹಿಗ್ಗು. ಆ ಹಿಗ್ಗಿನ ಬೆನ್ನಿಗೇ ಕಾಕಾನ ಮುಖ ನೆನಪಾಗಿ ಕಾಲುಗಳು ನಿಂತುಬಿಟ್ಟವು.

ಕಾಕಾ ಬಾಗಿಲಲ್ಲೇ ಇದ್ದ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದ.

“ಅವನ್ನ ತಗೊಂಡ್ರೇನ್ರಿ?”

“ಹೂಂ.”

“ನಿಮ್ಮನ್ನ?”

ಇಲ್ಲವೆಂದು ತಲೆಯಾಡಿಸಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. “ಊಟಾ ಮಾಡ್ರಿ, ದಣದೀರಿ” ಎಂದು ಒಳಗೆ ಹೋದ.

ಯುದ್ಧ ಮುಗಿದ ಮೇಲೆ ದಸ್ತಗೀರ ರಜೆಯಲ್ಲಿ ಬಂದ. ಭುಜ ಅಗಲವಾಗಿತ್ತು, ಎಡಗಿವಿ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಸಾಲೆಯವರು ನನ್ನನ್ನು ಕಾಯಂ ಮಾಡಿದ್ದರು. ಮಗ ಎದೆಗುಂದಿಯಾನೆಂದು ಕಾಕಾ ನನ್ನ ಸಂಗತಿಯನ್ನು ಅವನಿಗೆ ತಿಳಿಸಿಯೇ ಇರಲಿಲ್ಲ. ಬೀದಿಯಲ್ಲಿ ನನ್ನನ್ನು ಕಂಡವನೇ ಸೆಟೆದು ಸಲಾಮು ಹೊಡೆದು, ಬಂದು ಅಪ್ಪಿಕೊಂಡ.

“ಕನ್ನಡದವ್ರು ಎಲ್ಲಿ ಸಿಕ್ರೂ ನಿಮ್ಮ ಹೆಸರು ಹೇಳಿ ಕೇಳ್ತಿದ್ನಿರಿ, ಮಾಸ್ತರ. ನೀವು ಯಾವ ಪಲ್ಟನ್ಯಾಗ ಇದ್ರಿ?”

“ಎಲ್ಲೂ ಇದ್ದಿಲ್ಲೋ, ಮನ್ಯಾಗ ಇದ್ನಿ,” ಎಂದೆ.

ನನ್ನ ಬಾಯಿ ಅವನ ಎಡಗಿವಿಯ ಕಡೆಗಿತ್ತು. ಅದನ್ನೇ ಮತ್ತೊಮ್ಮೆ, ಬೀದಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಹೇಳಬೇಕಾಯಿತು.