ಮುತ್ಯಾ ರಟ್ಟೆಗೆ ಕಟ್ಟಿಕೊಂಡದ್ದು

ವಾಟರ್ ಪಾರ್ಕಿಗೆ ಹೋಗಲು ಚೀಲ ತುಂಬುವಾಗ ನೈಲಾನ್ ಚಡ್ಡಿಯ ವಾಸನೆ ಮೂಗಿಗೆ ಬಡಿದು ನಮ್ಮಜ್ಜ, ಮೇಲವಂಕಿಯ ಮುತ್ಯಾ, ನೆನಪಾದ.

ನಾನು ಚಿಕ್ಕವನಿದ್ದಾಗ ಆತ ಮೊಮ್ಮಕ್ಕಳನ್ನು ಇಂಥದೇ ಪಾರ್ಕಿಗೆ ಕರೆದೊಯ್ದಿದ್ದ; ಬಿಸಿಲೇರಿದರೆ ಟಿಕೆಟ್ಟಿನ ಪಾಳಿ ಉದ್ದವಾಗುತ್ತದೆಂದು ಅವತ್ತು ನಮ್ಮನ್ನು ಮೊದಲ ಬಸ್ಸಿಗೇ ಹತ್ತಿಸಿದ್ದ. ಬುತ್ತಿ ಒಳಗೆ ಬಿಡುವುದಿಲ್ಲವೆಂದು ರೊಟ್ಟಿ, ಶೇಂಗಾ ಚಟ್ನಿ ಗೇಟಿನ ಹೊರಗೇ ತಿನ್ನಿಸಿದ. ಧೋತರ ನಡೆಯುವುದಿಲ್ಲ ಎಂದಾಗ ಬಾಡಿಗೆಯ ನೈಲಾನ್ ಚಡ್ಡಿಯನ್ನೂ ಹಾಕಿಕೊಂಡ.

ಜಾರುಬಂಡಿಯ ಮೇಲೆ ಕಾವಲಿನವ ತಡೆದ. "ಕೊರಳಾಗ ಏನೂ ಇರಬಾರದ್ರಿ ಅಜ್ಜಾರ. ತಗದಿಡ್ರಿ."

"ಇದು ದಾಗೀನ ಅಲ್ಲೋ ತಮ್ಮಾ, ಲಿಂಗ. ಮೈಮ್ಯಾಲಿಂದ ತಗಿಯಂಗಿಲ್ಲ."

ಹಿಂದಿನವರು ಗೊಣಗತೊಡಗಿದರು. ಮುತ್ಯಾ ವಾಪಸು ಇಳಿದರೆ ನಾನೂ ಇಳಿಯಬೇಕು. ನನಗೆ ಅಳು ಬಂತು. ಆತ ಮಾತ್ರ ಅವಸರ ಮಾಡಲಿಲ್ಲ. ಲಿಂಗ ಸುತ್ತಿದ್ದ ಬಿಳಿ ವಸ್ತ್ರವನ್ನು ಕೊರಳಿನಿಂದ ಸರಿಸಿ, ಅಂಗೈಯಿಂದ ಬಿಡದೆ, ರಟ್ಟೆಗೆ ಬಿಗಿದುಕೊಂಡ.

"ಕೊರಳ ಖಾಲಿ ಆತಲ್ಲ?"

ಕಾವಲಿನವ ನಕ್ಕು ದಾರಿ ಬಿಟ್ಟ. ಮುತ್ಯಾ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂಗುತ್ತ ಜಾರಿದ.

ಈಗ ಮಗಳು ಮೊಬೈಲಿನಲ್ಲಿ ಪಾರ್ಕಿನ ನಿಯಮ ಓದುತ್ತಿದ್ದಾಳೆ. "ಅಪ್ಪಾ, ಕೊರಳಾಗ ಏನೂ ಇರಬಾರದಂತ. ಹೆಂಗ ಮಾಡೂದು?" ಎನ್ನುತ್ತ ತನ್ನ ಕೊರಳಿನ ಲಿಂಗ ಮುಟ್ಟಿಕೊಂಡಳು.

ನಾನು ಚೀಲಕ್ಕೆ ಎರಡು ಬಿಳಿ ವಸ್ತ್ರ ಹಾಕಿದೆ.