ಅಜ್ಜಿ ಓದಿ ಹೇಳಿದ ಕಥೆ

ಇದು ೨೦೧೩ರ ಬೇಸಿಗೆಯ ಮಾತು. ನಾನು ಆರನೆಯ ತರಗತಿ ಮುಗಿಸಿ ಏಳಕ್ಕೆ ಹೋಗುವವಳಿದ್ದೆ. ಸೊಲ್ಲಾಪುರದಲ್ಲಿ ಸಿಸ್ಟರ್‌ಗಳು ನಡೆಸುವ ಇಂಗ್ಲಿಷ್ ಶಾಲೆ ನನ್ನದು. ಆ ವರ್ಷ ಸೂಟಿ ಬಿಡುವ ದಿನ ಎಲ್ಲರ ಕೈಗೂ ಒಂದು ಚೀಟಿ ಕೊಟ್ಟರು: ಇಂಗ್ಲಿಷಿನ ಕಥೆಪುಸ್ತಕ ಒಂದು, ಯಾರಾದರೂ ಸಂತರ ಜೀವನಚರಿತ್ರೆ ಒಂದು, ಮಾತೃಭಾಷೆಯ ಪುಸ್ತಕ ಒಂದು. ಮೂರನ್ನೂ ಓದಿ, ಒಂದೊಂದಕ್ಕೆ ಎರಡೆರಡು ಪುಟ ಇಂಗ್ಲಿಷಿನಲ್ಲಿ ಬರೆದು ಜೂನಿನಲ್ಲಿ ಒಪ್ಪಿಸಬೇಕು. ಸೂಟಿ ಅಂದಮೇಲೆ ಸೂಟಿ ಇರಬೇಕು. ಅದರೊಳಗೂ ಪುಸ್ತಕ ತುರುಕಿದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು.

ಗೆಳತಿಯರಿಗೇನು, ಮರಾಠಿ ಪುಸ್ತಕ ತೆಗೆದುಕೊಂಡು ಆರಾಮಾಗಿ ಹೋದರು. ಪೀಕಲಾಟ ನನಗೆ. ನಾಲ್ಕು ಜನರ ಮುಂದೆ ಮರಾಠಿಯಲ್ಲೇ ಮಾತಾಡುವ ನಮ್ಮಪ್ಪ, ಶಾಲೆಯ ಅರ್ಜಿಯಲ್ಲಿ ಮಾತ್ರ ಮಾತೃಭಾಷೆ ‘ಕನ್ನಡ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದ. ಮನೆಯಲ್ಲಿ ನಾವು ಆಡುವುದು ಕನ್ನಡವೇ, ಸುಳ್ಳಲ್ಲ. ಆದರೆ ನನಗೆ ಕನ್ನಡದ ಒಂದೇ ಒಂದು ಅಕ್ಷರ ಓದಲು ಬರುತ್ತಿರಲಿಲ್ಲ.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬೆನಿಟಾ ಮಂಗಳೂರು ಕಡೆಯವರು. ನನ್ನ ಚೀಟಿ ನೋಡಿ ಅವರ ಮುಖ ಅರಳಿತು. “ಇಡೀ ಕ್ಲಾಸಿನಲ್ಲಿ ನನ್ನ ಭಾಷೆಯವಳು ನೀನೊಬ್ಬಳೇ ಅಲ್ವಾ ಮಗಾ! ನಿಲ್ಲು” ಎಂದು ಒಳಗೆ ಹೋಗಿ, ತಮ್ಮದೇ ಪೆಟ್ಟಿಗೆಯಿಂದ ಒಂದು ತೆಳ್ಳಗಿನ ಕನ್ನಡ ಪುಸ್ತಕ ತಂದುಕೊಟ್ಟರು. ಅಷ್ಟು ಖುಷಿಯಲ್ಲಿದ್ದವರ ಮುಂದೆ ಓದಲು ಬರುವುದಿಲ್ಲ ಎಂದು ಹೇಗೆ ಹೇಳಲಿ? ಥ್ಯಾಂಕ್ಯೂ ಸಿಸ್ಟರ್ ಎಂದು ಇಸಿದುಕೊಂಡು ಬಂದೆ.

ನನಗೆ ಧೈರ್ಯ ಇದ್ದದ್ದು ಅಜ್ಜಿಯದು. ಅಪ್ಪನ ತಾಯಿ ಅಕ್ಕಲಕೋಟದಾಚೆ ನಮ್ಮೂರು ಮೈಂದರ್ಗಿಯಲ್ಲಿದ್ದಳು. ಪ್ರತಿ ಐತವಾರ ಸಂಜೆ ಅಲ್ಲಿನ ಮನೆಯ ಪಡಸಾಲೆಯಲ್ಲಿ ಅವಳ ಪುರಾಣ. ಕಣ್ಣಿಗೆ ಚಾಳೀಸು ಏರಿಸಿ, ಹಳೆಯ ದಪ್ಪ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅಜ್ಜಿ ರಾಗವಾಗಿ ಓದುತ್ತಿದ್ದರೆ ಓಣಿಯ ಹತ್ತು ಹೆಂಗಸರು ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಅವಳ ವಯಸ್ಸಿನವರಲ್ಲಿ ಓದು ಬಲ್ಲ ಹೆಣ್ಣುಮಗಳು ಅವಳೊಬ್ಬಳೇ ಎಂದು ಓಣಿಯಲ್ಲಿ ಅವಳಿಗೊಂದು ಗತ್ತು. ಎಸ್‌ಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಪ್ಪನಂತೂ “ನಮ್ಮವ್ವ ಓದಿದಾಕಿ” ಎಂದು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದ.

ಮಾವಿನಹಣ್ಣು, ಎಮ್ಮೆ ಕರು, ಓಣಿಯ ಹುಡುಗಿಯರು ಎಂದು ಮೈಂದರ್ಗಿಯಲ್ಲಿ ಸೂಟಿ ಕಳೆದದ್ದೇ ತಿಳಿಯಲಿಲ್ಲ. ಶಾಲೆಗೆ ಮೂರು ದಿನ ಉಳಿದಾಗ ಪುಸ್ತಕ ತಂದು ಅಜ್ಜಿಯ ಮುಂದೆ ಹಿಡಿದೆ.

“ತಾ ಇಲ್ಲಿ. ಅದರಾಗೇನ ದೊಡ್ಡ ಮಾತು” ಎಂದಳು ಅಜ್ಜಿ.

ಪುಟಕ್ಕೊಂದು ಚಿತ್ರವಿತ್ತು. ಅಜ್ಜಿ ಚಿತ್ರ ನೋಡಿ ನೋಡಿ, ಪುಟ ತಿರುವುತ್ತಾ ಕಥೆ ಹೇಳಿದಳು. ಒಬ್ಬ ಅಣ್ಣ ಪಂಚಮಿಗೆ ತಂಗಿಯನ್ನು ಕರೆತರಲು ಚೀಲದ ತುಂಬ ಉಂಡಿ ಹೊತ್ತು ಹೊರಟಿದ್ದಾನೆ. ಖಾಕಿ ಅಂಗಿಯ ಕಂಡಕ್ಟರ್ “ಲಗೇಜ್ ಆಗ್ತದ, ಕೆಳಗಿಳಿಸು” ಎಂದು ಅಡ್ಡ ಹಾಕಿದ್ದಾನೆ. ಅತ್ತ ತಂಗಿ ಗಂಡನ ಮನೆಯ ಬಾಗಿಲಲ್ಲಿ ನಿಂತು, ಅಣ್ಣ ಮರೆತೇಬಿಟ್ಟ ಎಂದು ಅಳುತ್ತಿದ್ದಾಳೆ. ಕೊನೆಗೆ ಅಣ್ಣ ಚೀಲ ಹೊತ್ತು ನಡೆದುಕೊಂಡೇ ಹಬ್ಬದ ದಿನ ಬೆಳಿಗ್ಗೆ ಮುಟ್ಟುತ್ತಾನೆ. ಅಲ್ಲಿಗೆ ಬಂದಾಗ ಅಜ್ಜಿಯೇ ಅತ್ತುಬಿಟ್ಟಳು. ನನಗೂ ಅಳು ಬಂತು. ಕುಳಿತಲ್ಲೇ ಎರಡಲ್ಲ, ಮೂರು ಪುಟ ಬರೆದೆ. ಎಳ್ಳುಂಡಿ, ಶೇಂಗಾ ಉಂಡಿ ಎಂದು ಒಂದನ್ನೂ ಬಿಡಲಿಲ್ಲ.

ಜೂನಿನಲ್ಲಿ ಸಿಸ್ಟರ್ ಬೆನಿಟಾ ಕರೆಸಿದರು. ಹೊಗಳುತ್ತಾರೆ ಎಂದುಕೊಂಡು ಕುಣಿಯುತ್ತಾ ಹೋದೆ.

“ರೇಣುಕಾ, ಇದು ಯಾವ ಪುಸ್ತಕದ ಕಥೆ?”

“ನೀವು ಕೊಟ್ಟಿದ್ದೇ ಸಿಸ್ಟರ್.”

“ಅದರಲ್ಲಿ ಪಂಚಮಿ ಎಲ್ಲಿ ಉಂಟು? ಚೀಲ ಹೊತ್ತವನು ಕಳ್ಳ. ಖಾಕಿಯವನು ಪೊಲೀಸ್. ಅಳುವವಳು ಕಳ್ಳತನವಾದ ಮನೆಯ ಯಜಮಾನಿ. ಯಾರು ಓದಿ ಹೇಳಿದ್ದು ನಿನಗೆ?”

ನಾನು ಬಾಯಿ ತೆರೆದೆ. ಅಜ್ಜಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಆಗ ಹೊಳೆಯಿತು ನೋಡಿ. ಚಿತ್ರ ನೋಡಿ ಮುಗಿದ ಕೂಡಲೇ ಅಜ್ಜಿ ಪುಟ ತಿರುವುತ್ತಿದ್ದಳು. ಅಕ್ಷರಗಳ ಕಡೆ ಅವಳ ಕಣ್ಣು ಹೋಗಿರಲೇ ಇಲ್ಲ. ಅಜ್ಜಿಗೆ ಓದಲು ಬರುವುದಿಲ್ಲ! ಹೆಸರು ಹೇಳಿದರೆ ಸಿಸ್ಟರ್ ಅಪ್ಪನನ್ನು ಕೇಳುತ್ತಾರೆ, ಅಪ್ಪನಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾಗುತ್ತದೆ. ಅಜ್ಜಿಯ ಆ ಗತ್ತು, ಆ ಐತವಾರದ ಸಂಜೆ ಎಲ್ಲ ಮಣ್ಣುಪಾಲು.

“ಯಾರೂ ಇಲ್ಲ ಸಿಸ್ಟರ್. ಚಿತ್ರ ನೋಡಿ ನಾನೇ ಕಟ್ಟಿ ಬರೆದೆ” ಎಂದೆ.

ಅವರ ಮುಖ ಸಪ್ಪಗಾಯಿತು. “ಓದದೆ ಓದಿದ್ದೇನೆ ಅಂತ ಬರೆದ್ಯಾ? ನಿನ್ನಿಂದ ಇದನ್ನು ನಿರೀಕ್ಷಿಸಿರಲಿಲ್ಲ ಮಗಾ.” ಶನಿವಾರ ತಂದೆಯನ್ನು ಕರೆದುಕೊಂಡು ಬರಬೇಕು, ಆಮೇಲೆ ಪ್ರಗತಿ ಪುಸ್ತಕದಲ್ಲಿ ‘ಸುಳ್ಳು ಬರೆದಿದ್ದಾಳೆ’ ಎಂದು ಷರಾ ಬೀಳುತ್ತದೆ ಎಂದು ಪತ್ರ ಕೊಟ್ಟರು.

ಪತ್ರ ಓದಿ ಅಪ್ಪ ಕೆಂಡವಾದ. “ನಿಮ್ಮಜ್ಜಿ ಓದಿ ಹೇಳ್ಯಾಳಂತ ನೀನ ಫೋನಿನ್ಯಾಗ ಹೇಳಿದ್ದಿ. ಮತ್ತ ಅಲ್ಲಿ ಯಾಕ ತಲಿ ತಗ್ಗಿಸಿ ಬಂದಿ?” ಅಪ್ಪ ನನ್ನ ಉತ್ತರಕ್ಕೂ ಕಾಯದೆ ಮೈಂದರ್ಗಿಗೆ ಫೋನ್ ಹಚ್ಚಿದ. “ಯವ್ವಾ, ಶನಿವಾರ ಬಾ. ನೀ ಆ ಪುಸ್ತಕ ಸಿಸ್ಟರ್ ಮುಂದ ಓದಿ ತೋರಸು. ಇಲ್ಲಾಂದ್ರ ಹುಡುಗಿ ಹೆಸರಿನ ಮುಂದ ಸುಳ್ಳಿ ಅಂತ ಬರೀತಾರಂತ.”

ಬಸ್ಸು ಕೆಡಲಿ, ಅಜ್ಜಿಗೆ ಒಂದು ಸಣ್ಣ ಜ್ವರವಾದರೂ ಬರಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ. ಶಾಲೆಯ ಪ್ರಾರ್ಥನಾ ಮಂದಿರದ ಯೇಸುವನ್ನೂ ಬಿಡಲಿಲ್ಲ. ಏನೂ ಆಗಲಿಲ್ಲ. ಶನಿವಾರ ಅಜ್ಜಿ ಇಳಕಲ್ ಸೀರೆ ಉಟ್ಟು ಬಂದಿಳಿದಳು.

ಆಫೀಸಿನಲ್ಲಿ ಸಿಸ್ಟರ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪುಸ್ತಕವನ್ನು ಎರಡೂ ಕೈಯಲ್ಲಿ ಕೊಟ್ಟರು. “ಮೊದಲ ಪುಟ ಸಾಕು ಅಜ್ಜಿ.” ಅಪ್ಪ ಈಗ ನೋಡ್ರಿ ಎನ್ನುವವನಂತೆ ಕೈಕಟ್ಟಿ ನಿಂತಿದ್ದ. ಅಜ್ಜಿ ಚಾಳೀಸು ತೆಗೆದು, ಸೆರಗಿನಿಂದ ಒರೆಸಿ, ಹಾಕಿಕೊಂಡಳು. ಪುಸ್ತಕ ತೆರೆದಳು. ನಾನು ನೆಲ ನೋಡುತ್ತಾ ನಿಂತೆ. ಅವಳು ನನ್ನ ಕಡೆ ನೋಡಿದ್ದು ಮಾತ್ರ ಗೊತ್ತಾಯಿತು. ಆಮೇಲೆ ಚಾಳೀಸು ತೆಗೆದಳು.

“ಬಾಯಾರ, ನನಗ ಓದಾಕ ಬರಂಗಿಲ್ರಿ.”

ಅಜ್ಜಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

“ಆ ಕಥಿ ನಾ ಕಟ್ಟಿ ಹೇಳಿದ್ದು. ಈಕಿ ಸುಳ್ಳು ಬರದಿಲ್ರಿ, ಸುಳ್ಳು ನಂದು. ಕೈ ಮುಗಿತೀನಿ, ಹುಡುಗಿ ಹೆಸರಿನ ಮುಂದ ಅದನ್ನ ಬರೀಬ್ಯಾಡ್ರಿ.”

“ಯವ್ವಾ, ಏನಂತಿ?” ಅಪ್ಪ ಕಟ್ಟಿದ್ದ ಕೈ ಬಿಟ್ಟ. “ಮತ್ತ ಪುರಾಣ?”

“ನಮ್ಮಪ್ಪ ಓದತಿದ್ದ. ಮಗ್ಗಲದಾಗ ಕುಂತು ಕೇಳಿ ಕೇಳಿ ಬಾಯಾಗ ನಿಂತೈತಿ. ನನ್ನ ಸಾಲಿಗಿ ಯಾರು ಕಳಿಸಿದ್ರೋ?”

“ಸಣ್ಣಾಂವಿದ್ದಾಗ ನನ್ನ ಪಾಟಿ ನೋಡಿ, ಅಕ್ಷರ ಕಾಗಿ ಕಾಲಿನಂಗ ಅದಾವ ಅಂತ ಬಡೀತಿದ್ದೆಲ್ಲ!” ಎಂದ ಅಪ್ಪ.

“ನೀ ಬರದಿಯೋ ಇಲ್ಲೋ ನಿನ್ನ ಮಾರಿ ನೋಡಿದ್ರ ತಿಳೀತಿತ್ತು. ಅದಕ್ಕ ಅಕ್ಷರ ಯಾಕ ಬೇಕು?”

ನಾನು ಅಳುತ್ತಲೇ ಕಿಸಕ್ಕನೆ ನಕ್ಕುಬಿಟ್ಟೆ. ಸಿಸ್ಟರ್ ಕೂಡ. ಅವರು ನನ್ನನ್ನು ಹತ್ತಿರ ಕರೆದು “ನಿನಗೆ ಗೊತ್ತಿತ್ತಾ?” ಎಂದು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಪುಸ್ತಕದಲ್ಲಿದ್ದ ಕಥೆಯನ್ನು ಅಜ್ಜಿಗೆ ಓದಿ ಹೇಳಿದರು.

ಅಜ್ಜಿ ಪೂರ್ತಿ ಕೇಳಿ ಮುಖ ಕಿವುಚಿದಳು. “ಕಳ್ಳನ ಕಥಿ ಏನ್ರಿ? ಇದಕ್ಕಿಂತ ನಂದ ಚೊಲೋ ಐತಿ.”

“ಹೌದು ಅಜ್ಜಿ, ನಿಮ್ಮದೇ ಚಂದ” ಎಂದರು ಸಿಸ್ಟರ್. ಷರಾ ಬೀಳಲಿಲ್ಲ. ಬದಲಿಗೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವರ ಹತ್ತಿರ ಕನ್ನಡ ಕಲಿಯಬೇಕು ಎಂದು ನನಗೆ ಅಪ್ಪಣೆಯಾಯಿತು.

ಅಂದೇ ಅಜ್ಜಿಯನ್ನು ಬಿಡಲು ಅಪ್ಪ, ನಾನು ಮೈಂದರ್ಗಿಗೆ ಹೋದೆವು. ಅಕ್ಕಲಕೋಟ ದಾಟುವವರೆಗೂ ಅಪ್ಪ ಕಿಟಕಿಯ ಹೊರಗೇ ನೋಡುತ್ತಿದ್ದ. ಆಮೇಲೆ, “ಓಣ್ಯಾಗ ಯಾರಿಗೂ ಹೇಳೂದು ಬ್ಯಾಡ” ಎಂದ.

“ಸಾಲ್ಯಾಗ ಒಪ್ಪಿಕೊಂಡು ಬಂದು ಓಣ್ಯಾಗೇನ ಮುಚ್ಚಿಡೂದು? ಈ ವಯಸ್ಸಿನ್ಯಾಗ ಇನ್ನ ಈ ಸುಳ್ಳು ಹೊರಾಕ ಆಗೂದಿಲ್ಲಪಾ” ಎಂದಳು ಅಜ್ಜಿ. ಅವಳ ಕೈ ಹಿಡಿದಿದ್ದೆ.

ಮರುದಿನ ಐತವಾರ. ಸಂಜೆ ಹೆಂಗಸರು ಬಂದು ಕುಳಿತರು. ಅಜ್ಜಿ ಪುಸ್ತಕ ತೆರೆಯಲೇ ಇಲ್ಲ. ಅದನ್ನು ಮುಂದೆ ಸರಿಸಿ, “ಇಷ್ಟ ವರ್ಷ ನಿಮಗೆಲ್ಲ ಮೋಸ ಮಾಡೀನಿ. ನನಗ ಒಂದಕ್ಷರ ಓದಾಕ ಬರೂದಿಲ್ಲ” ಎಂದಳು. ಹೇಳಿ ತಲೆ ತಗ್ಗಿಸಿದಳು. ನನಗೆ ಅಲ್ಲಿಂದ ಎದ್ದು ಓಡಿಹೋಗಬೇಕು ಅನಿಸಿತು.

ಪಕ್ಕದ ಮನೆಯ ನಾಗವ್ವ ಕಾಕು ಎಲೆಅಡಿಕೆ ಒಂದು ಕಡೆ ಒತ್ತರಿಸಿಕೊಂಡು ಹೇಳಿದಳು: “ಅದೇನ ಹೊಸಾ ಸುದ್ದಿ ಬೇ? ಲೋಡ್‌ಶೆಡ್ಡಿಂಗ್ ಆಗಿ ಕಣ್ಣಿಗಿ ಕೈ ಕಾಣದಂಥಾ ಕತ್ತಲಾದ್ರೂ ನಿನ್ನ ಓದು ಒಂದಿನಾನೂ ನಿಂತಿದ್ದಿಲ್ಲ. ನಾವೇನ ಅಷ್ಟು ಹುಚ್ಚರೇನು?”

ಪಡಸಾಲೆಯೆಲ್ಲ ಘೊಳ್ ಎಂದು ನಕ್ಕಿತು. ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರಿಗೂ ಗೊತ್ತಿತ್ತು.

“ಮತ್ತ ಒಬ್ಬರರ ಹೇಳಬಾರದೇನ ನನಗ?”

“ಹೇಳಿದ್ರ ನಾಚಿ ಬಿಟ್ಟುಬಿಡತಿದ್ದಿ. ನಾವೆಲ್ಲಿ ಹೋಗಿ ಪುರಾಣ ಕೇಳೂದು? ನಡಿ, ಹ್ವಾದ ವಾರ ಎಲ್ಲಿಗಿ ನಿಲ್ಲಿಸಿದ್ದಿ?”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಶುರು ಮಾಡಿದಳು. ಬಾಗಿಲಿಗೆ ಒರಗಿ ನಿಂತಿದ್ದ ಅಪ್ಪ ಬಂದು ಅವಳ ಮಗ್ಗುಲಲ್ಲಿ ಕುಳಿತ.

ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಸಿಸ್ಟರ್ ಕಲಿಸಿದ ಅಕ್ಷರದಲ್ಲೇ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ. ಅಜ್ಜಿಯ ಮಾನ ಕಾಯ್ದವಳು ನಾನೇ ಎಂದು ಆಗ ಒಳಗೊಳಗೆ ಬೀಗಿದ್ದೆ. ನಾನು ಕಾಯ್ದದ್ದು ನಾಲ್ಕು ದಿನ. ನನ್ನದು ಸ್ವಲ್ಪ ಹರಿತ ನಾಲಗೆ. ಯಾರಾದರೂ ಬಾರದ್ದನ್ನು ಬಲ್ಲವರಂತೆ ಮಾತಾಡಿದರೆ ಈಗಲೂ ತಟ್ಟನೆ ಎತ್ತಿ ಆಡಬೇಕೆನಿಸುತ್ತದೆ. ಆಗ, ಎಲ್ಲ ಗೊತ್ತಿದ್ದೂ ವರ್ಷಗಟ್ಟಲೆ ಕತ್ತಲಲ್ಲಿ ಸುಮ್ಮನೆ ಕುಳಿತು “ಮುಂದ?” ಎಂದು ಕೇಳಿದ ಆ ಹೆಂಗಸರು ನೆನಪಾಗಿ ನಾಲಗೆ ಕಚ್ಚಿಕೊಳ್ಳುತ್ತೇನೆ.