ಆಚೆ ದಡದ ತಗಡಿನ ಕೋತಿ

ಕಾಶಿಗೆ ಬಂದವರಿಂದ ಏನಾದರೂ ಒಂದನ್ನು ಬಿಡಿಸುವುದು ನನ್ನ ಕಸುಬು. ಕೇದಾರ ಘಾಟಿನಲ್ಲಿ ಕನ್ನಡದ ಯಾತ್ರಿಕರಿಗೆ ಪಿಂಡ, ತರ್ಪಣ ಎಲ್ಲ ಮಾಡಿಸಿದ ಮೇಲೆ, ‘ಈಗ ನಿಮಗೆ ಇಷ್ಟವಾದ ಒಂದು ತರಕಾರಿ, ಒಂದು ಹಣ್ಣು ಬಿಟ್ಟುಬಿಡಿ’ ಎನ್ನುತ್ತೇನೆ. ಜನ ಜಾಣರು. ಹಾಗಲಕಾಯಿ ಬಿಡುತ್ತಾರೆ, ಎಂದೂ ಬಾಯಿಗಿಡದ ಯಾವುದೋ ಹಣ್ಣಿನ ಹೆಸರು ಹೇಳುತ್ತಾರೆ. ನಾನು ಸ್ವಲ್ಪ ದಿಟ್ಟಿಸಿ ನೋಡಿದರೆ ಹೆಂಡತಿಯ ಕಡೆ ತಿರುಗಿ, ‘ಹಾಗಾದರೆ ಬದನೆಕಾಯಿ’ ಎಂದು ತಿದ್ದಿಕೊಳ್ಳುತ್ತಾರೆ. ತ್ಯಾಗದ ಬಗ್ಗೆ ನಾನು ಅವರಿಗೆ ನಾಲ್ಕು ಒಳ್ಳೆಯ ಮಾತು ಹೇಳುತ್ತೇನೆ. ಆಮೇಲೆ ಬಂಗಾಲಿ ಟೋಲಾದ ಮನೆಗೆ ಬಂದು, ಉಂಡು, ಟೀವಿ ಮುಂದೆ ಕೂತು, ಹಾಳುಬಿದ್ದ ಒಂದು ಪ್ರಪಂಚದಲ್ಲಿ ತಗಡಿನ ಕೋತಿಗಳನ್ನು ಹುಡುಕುತ್ತೇನೆ.

ಈ ಚಟ ಅಂಟಿದ್ದು ಘಾಟಿನ ಪಾಚಿಯಿಂದ. ಜಾರಿ ಬಿದ್ದು ಮೊಣಕಾಲು ಕೆಟ್ಟಾಗ, ಇಲ್ಲೇ ಹತ್ತಿರದ ಭೇಲೂಪುರದಲ್ಲಿರುವ ಮಗಳು ಕಾಲ ಕಳೆಯಲೆಂದು ತನ್ನ ವೀಡಿಯೊ ಗೇಮಿನ ಪೆಟ್ಟಿಗೆ ತಂದುಕೊಟ್ಟಳು. ಮೊಣಕಾಲು ವಾಸಿಯಾಯಿತು, ಆಟ ವಾಸಿಯಾಗಲಿಲ್ಲ. ನನಗೆ ಅರವತ್ತಾದಾಗ ಬೇರೆಯವರು ಶಾಲು ಹೊದಿಸಿದರೆ ಮಗಳು ಅದೇ ಆಟದ ಹೊಸ ಭಾಗವನ್ನು ಹಾಕಿಸಿಕೊಟ್ಟಳು. ಆಟದಲ್ಲಿ ಮಹಾಯುದ್ಧ ಮುಗಿದು ಜಗತ್ತೆಲ್ಲ ಬೂದಿಯಾಗಿದೆ. ನಡುವೆ ಒಂದು ದೊಡ್ಡ ನದಿ. ಅಳಿದುಳಿದ ಜನಕ್ಕೆ ನೀರು, ಬೇಲಿ, ಸೂರು ಒದಗಿಸಿದರೆ ಒಂದೊಂದೇ ಊರು ‘ತೆರೆಯುತ್ತದೆ’. ಪ್ರತಿ ಊರಲ್ಲೂ, ಮುರಿದ ಕಪಾಟಿನ ಹಿಂದೋ ತುಕ್ಕು ಹಿಡಿದ ಬಸ್ಸಿನ ಕೆಳಗೋ, ಕೀಲಿ ಕೊಟ್ಟರೆ ತಾಳ ಬಡಿಯುವ ಒಂದು ಆಟಿಕೆ ಕೋತಿ ಅಡಗಿರುತ್ತದೆ. ಅದನ್ನು ಕೂಡಿಡುವುದರಿಂದ ಏನು ಲಾಭ ಎಂದು ಕೇಳಬೇಡಿ. ನಾನು ಮಗಳನ್ನು ಕೇಳಿದ್ದೆ. ‘ಪೂರಾ ಆಗತ್ತೆ ಅಪ್ಪಾ, ಬಸ್’ ಎಂದಳು.

ನನ್ನ ಹೆಂಡತಿ ಶಾರದೆ ಕಾಶಿಯಲ್ಲೇ ಹುಟ್ಟಿ ಬೆಳೆದವಳು, ಅವಳ ನಾಲಿಗೆಗೆ ಎರಡು ಭಾಷೆಯ ಹರಿತ. ತಾರಸಿಯಲ್ಲಿ ಒಣಹಾಕಿದ ನನ್ನ ಪಂಚೆಯನ್ನು ಕೋತಿಗಳು ಎಳೆದುಕೊಂಡು ಹೋಗುವಾಗಲೆಲ್ಲ ಅವಳು ಕೋಲು ಹಿಡಿದು ಓಡುತ್ತಾಳೆ, ಬಂದು ನನ್ನ ಹಿಂದೆ ನಿಲ್ಲುತ್ತಾಳೆ. ‘ನಾನು ಹೊರಗೆ ಬಂದರ್ ಓಡಿಸ್ತೀನಿ, ಇವರು ಒಳಗೆ ಬಂದರ್ ಹುಡುಕ್ತಾರೆ. ಖೂಬ್ ಜೋಡಿ.’ ನಾನು ಉತ್ತರ ಕೊಡುವುದಿಲ್ಲ. ಆಟದ ನಡುವೆ ಉತ್ತರ ಕೊಟ್ಟರೆ ಕಳ್ಳರು ಬಂದು ಬೇಲಿ ಮುರಿಯುತ್ತಾರೆ.

ಈ ಮನೆಯಲ್ಲಿ ನನ್ನ ಪಕ್ಷ ವಹಿಸುವವರು ಒಬ್ಬರೇ, ಮೇಲಿನ ಕೋಣೆಯ ತುಂಗಮ್ಮನವರು. ಗದಗಿನ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಕಾಶೀವಾಸಕ್ಕೆಂದು ಬಂದವರು, ಎಂದರೆ ಇಲ್ಲಿಯೇ ದೇಹ ಬಿಡುವುದೆಂದು ಸಂಕಲ್ಪ ಮಾಡಿ ಬಂದವರು. ಹರಿಶ್ಚಂದ್ರ ಘಾಟಿನ ಚಿತೆಗಳ ಹೊಗೆ ಕಿಟಕಿಗೆ ಕಾಣಬೇಕೆಂದು ಕೇಳಿ ಆ ಕೋಣೆ ಹಿಡಿದರು. ಹೊಸ ಕಂಬಳಿ ಕೊಡಿಸಲೇ ಎಂದರೆ ‘ನಂದೇನು ಇನ್ನ’ ಎನ್ನುತ್ತಾರೆ. ಉಪ್ಪಿನಕಾಯಿ ಹಾಕೋಣವೇ ಎಂದು ಶಾರದೆ ಕೇಳಿದರೂ, ಅದು ಕಳಿಯುವತನಕ ತಾವಿರುವುದಿಲ್ಲ ಎನ್ನುತ್ತಾರೆ. ಹೀಗೆ ಹೇಳುತ್ತಲೇ ಅವರು ಎಷ್ಟೋ ಭರಣಿ ಖಾಲಿ ಮಾಡಿದ್ದಾರೆ.

ಒಂದು ಮಧ್ಯಾಹ್ನ ಕೆಳಗಿಳಿದು ಬಂದು ನನ್ನ ಪಕ್ಕ ಕೂತವರು ಮತ್ತೆ ತಪ್ಪಿಸಲಿಲ್ಲ. ಮೊದಲ ದಿನವೇ ಕಥೆಯ ಬುಡಕ್ಕೆ ಕೈ ಹಾಕಿದರು. ‘ಅಲ್ರೀ ಭಟ್ಟರ, ಪ್ರಳಯ ಆದರೂ ಕಾಶಿ ಮುಳುಗೂದಿಲ್ಲ. ಈಶ್ವರ ತ್ರಿಶೂಲದ ಮ್ಯಾಲೆ ಎತ್ತಿ ಹಿಡೀತಾನ. ಈ ಮಂದಿ ಯಾಕ ಇಲ್ಲಿಗೆ ಬರಲಿಲ್ಲ?’ ಆಟ ತಯಾರಿಸಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಆಟವೇ ಇರುತ್ತಿರಲಿಲ್ಲ, ಎಲ್ಲರೂ ನಮ್ಮ ಗಲ್ಲಿಯಲ್ಲಿ ಕೋಣೆ ಕೇಳಿಕೊಂಡು ನಿಂತಿರುತ್ತಿದ್ದರು. ದಾರಿಯುದ್ದಕ್ಕೂ ಬಿದ್ದ ಎಲುಬುಗೂಡುಗಳನ್ನು ಕಂಡರೆ ಅವರಿಗೆ ಸಂಕಟ. ಇವರಿಗೆಲ್ಲ ಕರ್ಮಾಂತರ ಯಾರು ಮಾಡಿದರು ಎಂದು ಕೇಳುವರು. ನನಗೂ ವೃತ್ತಿಯ ಸಂಕಟವೇ. ಅಷ್ಟು ಕೆಲಸ ಬಾಕಿ ಬಿದ್ದಿದೆ, ಊರಿಗೊಬ್ಬ ಪುರೋಹಿತನಿಲ್ಲ.

ಕೋತಿ ಹುಡುಕುವುದರಲ್ಲಿ ಮಾತ್ರ ಅವರ ಕಣ್ಣು ಹದ್ದಿನದು. ‘ಅಲ್ಲೆ, ಆ ಹರದ ಹಾಸಿಗಿ ಕೆಳಗ’ ಎನ್ನುವರು, ಇರುತ್ತಿತ್ತು. ಆದರೆ ಕಳೆದ ಚಳಿಗಾಲದಿಂದ ಏನೋ ಬದಲಾಯಿತು. ‘ಅಲ್ಲೆ’ ಎಂದು ತೋರಿಸಿದಲ್ಲಿ ಮಡಕೆ ಇರುತ್ತಿತ್ತು, ಕಲ್ಲು ಇರುತ್ತಿತ್ತು. ಅವರು ಕೂರುವ ಚಾಪೆ ದಿನದಿನಕ್ಕೆ ಟೀವಿಯ ಹತ್ತಿರ ಸರಿಯಿತು. ಒಮ್ಮೆ ಬಾಗಿಲ ಮೆಟ್ಟಿಲಲ್ಲಿ ಮಲಗಿದ್ದ ಹೋರಿಯನ್ನು ಮೂಟೆ ಎಂದುಕೊಂಡು ಕೈ ಊರಿದರು. ಹೋರಿ ಸಂಭಾವಿತ, ಎದ್ದು ಹೋಯಿತು. ಇವರು ಹೀಗೆಯೇ ಒಂದು ದಿನ ಘಾಟಿನ ಮೆಟ್ಟಿಲಲ್ಲಿ ಬೀಳುತ್ತಾರೆ ಎಂಬ ಹೆದರಿಕೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಮಗಳು ಭೇಲೂಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಚೆನ್ನಾಗಿ ಕಾಣುತ್ತದೆ, ಬಿಟ್ಟರೆ ಪೂರ್ತಿ ಮಬ್ಬು ಎಂದರು ಡಾಕ್ಟರು. ತುಂಗಮ್ಮನವರು ಒಪ್ಪಲಿಲ್ಲ. ‘ಸಾಯಲಿಕ್ಕೆ ಬಂದಾಕಿಗೆ ಹೊಸಾ ಕಣ್ಣು ಯಾತಕ್ಕ? ಹೋಗೂ ದಾರಿ ನನಗ ಗೊತ್ತದ.’ ಶಾರದೆ ಬೇಡಿಕೊಂಡಳು, ಮಗಳು ಸಿಟ್ಟಾದಳು, ನಾನು ಶಾಸ್ತ್ರ ಹೇಳಿದೆ. ಶಾಸ್ತ್ರದಲ್ಲಿ ಅವರು ನನಗಿಂತ ಗಟ್ಟಿ.

ಅಷ್ಟರಲ್ಲಿ ಆಟದಲ್ಲಿ ಒಂದೇ ಊರು ಉಳಿದಿತ್ತು, ಒಂದೇ ಕೋತಿ. ಎರಡೂ ನದಿಯ ಆಚೆ ದಡದಲ್ಲಿ. ಈ ಕಡೆಯ ಜನರಲ್ಲಿ ಕೆಲವರನ್ನು ತೆಪ್ಪದಲ್ಲಿ ಆಚೆಗೆ ಕರೆದೊಯ್ದು ನೆಲೆಯೂರಿಸಿದರೆ ಊರು ತೆರೆಯುತ್ತದೆ. ನಾನು ತೆಪ್ಪದ ಹಗ್ಗ ಬಿಚ್ಚಿದೆನೋ ಇಲ್ಲವೋ, ತುಂಗಮ್ಮನವರು ನನ್ನ ಕೈ ಹಿಡಿದರು.

‘ಆಚೆ ದಂಡಿಗೆ ಬ್ಯಾಡ್ರಿ. ಅಲ್ಲೆ ಸತ್ತವರು ಕತ್ತೆ ಆಗಿ ಹುಟ್ಟತಾರ.’

ಕಾಶಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗಂಗೆ ಇಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ಪಶ್ಚಿಮದ ದಡದಲ್ಲಿ ಸತ್ತರೆ ಮುಕ್ತಿ, ಎದುರಿನ ದಡದಲ್ಲಿ ಸತ್ತರೆ ಕತ್ತೆಯ ಜನ್ಮ. ಆಟದ ನದಿಗೆ ಈ ಕಾನೂನು ಇಲ್ಲ ಎಂದೆ. ನದಿ ಅಂದ ಮೇಲೆ ಕಾನೂನು ಒಂದೇ ಎಂದರು. ಕೋತಿಯ ಆಸೆಗೆ ಬಿದ್ದು ನಾನು ನೋಡದೆಯೇ ಹೇಳಿಬಿಟ್ಟೆ: ‘ಈ ನದಿಯೂ ಉತ್ತರಕ್ಕೇ ಹರಿಯೋದು ತುಂಗಮ್ಮನವರೆ. ಆಚೆ ಕಡೆಯದೇ ಕಾಶಿಯ ದಡ.’

‘ನಿಮ್ಮ ಮಾತು ನಾ ನಂಬಂಗಿಲ್ಲ. ಮಂಗ್ಯಾನ ಸಲುವಾಗಿ ಏನರೆ ಹೇಳ್ತೀರಿ. ನಾ ಕಣ್ಣಾರೆ ನೋಡಬೇಕು.’

‘ನೋಡಬೇಕಾದರೆ ಕಣ್ಣು ಬೇಕಲ್ಲ’ ಎಂದೆ.

ಅವರು ಎದ್ದು ಮೇಲೆ ಹೋದರು. ಮರುದಿನ ಬೆಳಿಗ್ಗೆ ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಭೇಲೂಪುರಕ್ಕೆ ಇ-ರಿಕ್ಷಾ ಹಿಡಿಯಿರಿ ಎಂದರು. ದೇವರು, ಡಾಕ್ಟರು, ಮಗಳು ಮಾಡಲಾಗದ್ದನ್ನು ನನ್ನ ಒಂದು ಅಡ್ಡಮಾತು ಮಾಡಿತ್ತು.

ಒಂದು ಕಣ್ಣು, ಆಮೇಲೆ ಇನ್ನೊಂದು. ಅಷ್ಟೂ ದಿನ ನಾನು ಆಟದ ಪೆಟ್ಟಿಗೆ ಮುಟ್ಟಲಿಲ್ಲ. ಅವರಿಲ್ಲದೆ ಆಡಲು ಮನಸ್ಸಾಗಲಿಲ್ಲ, ನಿಜ ಹೇಳಬೇಕೆಂದರೆ ಭಯವೂ ಇತ್ತು. ಮುಕ್ತಿಗಾಗಿ ಬಂದ ಹೆಂಗಸಿಗೆ ನನ್ನ ಮಾತಿನಿಂದ ಇದ್ದ ದೃಷ್ಟಿಯೂ ಹೋದರೆ ಯಾವ ಘಾಟಿನಲ್ಲಿ ತೊಳೆದುಕೊಳ್ಳಲಿ? ಕಪ್ಪು ಕನ್ನಡಕ ತೆಗೆದ ದಿನ ಅವರು ಮೊದಲು ನನ್ನನ್ನೇ ನೋಡಿದರು. ‘ಅಯ್ಯ, ನೀವು ಇಷ್ಟು ಮುದುಕಾಗೀರೇನು’ ಎಂದರು. ಶಾರದೆ ಅಡುಗೆಮನೆಯಲ್ಲಿ ಬಹಳ ಹೊತ್ತು ನಕ್ಕಳು.

ಆ ಮಧ್ಯಾಹ್ನ ಪರೀಕ್ಷೆಯಾಯಿತು. ತುಂಗಮ್ಮನವರು ಗೋಡೆಗೊರಗಿ ದೂರವೇ ಕೂತರು. ನಾನು ನಕ್ಷೆ ತೆರೆದೆ, ನದಿಯ ಅಂಚಿಗೆ ಹೋಗಿ ನಿಂತೆ. ನೊರೆ, ಒಣ ಎಲೆ, ಒಂದು ಮುರಿದ ಹಲಗೆ ತೇಲಿಕೊಂಡು ಹೋಗುವುದನ್ನು ಅವರು ನೋಡಿದರು. ನಕ್ಷೆಯ ಮೇಲಿನ ದಿಕ್ಕು ನೋಡಿದರು.

‘ಖರೇ ಹೇಳೀರಿ. ಉತ್ತರಕ್ಕೇ ಹರೀಲಿಕ್ಕೆ ಹತ್ತೇದ. ಆಚೆ ಕಡಿದೇ ಕಾಶಿ.’

ನಾನು ಗೆದ್ದೆನೆಂದು ತೆಪ್ಪದ ಹಗ್ಗ ಬಿಚ್ಚಿದೆ.

‘ತಡೀರಿ. ಹಂಗಾದರ ನಾವು ಈತನಕ ಕಟ್ಟಿದ ಊರೆಲ್ಲಾ ಯಾವ ಕಡಿಗೆ ಅವ?’

ನಕ್ಷೆ ಮತ್ತೆ ತೆರೆದೆ. ಅಷ್ಟೂ ಊರು ಈಚೆಗೆ, ಪೂರ್ವದ ದಡದಲ್ಲಿ. ದಿನಾ ಬೆಳಿಗ್ಗೆ ಸಂಕಲ್ಪದಲ್ಲಿ ನದಿಯ ಯಾವ ದಡದಲ್ಲಿ ಕೂತಿದ್ದೇವೆ ಎಂದು ಬಾಯಿಬಿಟ್ಟು ಹೇಳಿಸುವವನು ನಾನು. ಆಟದಲ್ಲಿ ಅದನ್ನು ಒಮ್ಮೆಯೂ ನೋಡಿರಲಿಲ್ಲ. ಮನುಷ್ಯ ತಾನು ಕೂತ ದಡವನ್ನೇ ಕಾಶಿ ಎಂದುಕೊಳ್ಳುತ್ತಾನೆ, ಕತ್ತೆಗಳೆಲ್ಲ ಎದುರು ದಡದಲ್ಲಿರುತ್ತವೆ. ಬೇಲಿ ಹಾಕಿ, ಬಾವಿ ತೋಡಿ, ಸೂರು ಹೊದಿಸಿ, ಆ ಪಾಪದ ಜನರನ್ನೆಲ್ಲ ನಾನು ಕತ್ತೆಯ ದಡದಲ್ಲಿ ನೆಲೆಯೂರಿಸಿದ್ದೆ.

‘ಎಲ್ಲಾರನ್ನೂ ಆ ಕಡಿಗೆ ಸಾಗಸ್ರಿ’ ಎಂದರು ತುಂಗಮ್ಮನವರು.

‘ತೆಪ್ಪದಲ್ಲಿ ಒಂದು ಸಲಕ್ಕೆ ನಾಲ್ಕೇ ಜನ ಹಿಡಿಸೋದು ತುಂಗಮ್ಮನವರೆ. ಆಮೇಲೆ ಅಲ್ಲಿ ಹೊಸದಾಗಿ ಮನೆ, ಬಾವಿ, ಬೇಲಿ. ದೀಪಾವಳಿ ದಾಟುತ್ತೆ. ಸಂಕ್ರಾಂತಿಯೂ ಆಗಬಹುದು.’

ಅವರು ಹೊಸ ಕಣ್ಣುಗಳಿಂದ ಆ ನದಿಯನ್ನು ಇನ್ನೊಂದು ಸಲ ಅಳೆದು ನೋಡಿದರು.

‘ಆಗಲ್ರಿ. ನಾ ಏನು ಎಲ್ಲಿಗೆ ಹೊಂಟೀನಿ?’